ಅಪ್‌ಡೇಟ್: ಯಕ್ಷಗಾನದ ಫೋಟೋಗೆ ಕೊನೆಗೂ 50 ಎಂಎಂ ಲೆನ್ಸ್ ತಗೊಂಡೆ

ಕ್ಯಾನನ್ 1500ಡಿ ಕ್ಯಾಮೆರಾಗೆ 8,000 ರೂಪಾಯಿ ಒಳಗೆ ದೂರದ್ದನ್ನು ಹತ್ತಿರ ತೋರಿಸುವ 55-250 ಎಂಎಂ ಜೂಮ್ ಲೆನ್ಸ್ ತಗೊಳ್ಳಲಾ, 50 ಎಂಎಂ ಎಫ್/1.8 ಎಸ್‌ಟಿಎಂ ತಗೊಳ್ಳಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ರಾತ್ರಿ ಆಟಕ್ಕೆ (ಯಕ್ಷಗಾನ ಪ್ರದರ್ಶನಕ್ಕೆ) ಬೆಳಕೇ ಮುಖ್ಯ, ಹೆಚ್ಚು ಬೆಳಕು ಒಳಬಿಡುವ 50 ಎಂಎಂ ತಗೊಳ್ಳಿ ಅಂದಿರಿ. ಸೆಕೆಂಡ್‌ಹ್ಯಾಂಡ್ 50 ಎಂಎಂ ಸಿಕ್ಕಿತು, ತುಂಬಾ ಖುಷಿಯಾಗಿದೆ.

ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸ್ 55 ಎಂಎಂನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆಯಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು). ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 6400ಕ್ಕೆ ಏರಿಸಿದರೆ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖವೆಲ್ಲ ಮರಳು ಮರಳು. ಈಗ ಎಫ್/2.8ರಲ್ಲಿ ಅದೇ ಶಟರ್ ವೇಗಕ್ಕೆ 1600 ಸಾಕು. ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಇಡುವ ಚಿಟ್ಟಿಯ ಒಂದೊಂದು ಮುಳ್ಳೂ ಬಿಡಿಬಿಡಿಯಾಗಿ ಕಾಣುತ್ತೆ! ಆದರೆ ಪೂರ್ತಿ 1.8ಕ್ಕೆ ತೆರೆದರೆ ಕಣ್ಣಷ್ಟೇ ಸ್ಪಷ್ಟ, ಕಿರೀಟದ ಅಂಚು ಮಸುಕು. ಅದಕ್ಕೇ 2.8ರಲ್ಲೇ ಇಟ್ಟಿದ್ದೀನಿ.

ಇದರಲ್ಲಿ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇಲ್ಲ ಅಂತ ಕೆಲವರು ಎಚ್ಚರಿಸಿದ್ದಿರಿ. ಧಿಗಿಣ ಹಾಕುವ (ಗಿರಗಿರ ಸುತ್ತುತ್ತಾ ಜಿಗಿಯುವ) ಕಲಾವಿದರನ್ನು ಹಿಡಿಯೋಕೆ ಹೇಗೂ ಶಟರ್ ವೇಗವೇ ಬೇಕು, ಹಾಗಾಗಿ ಅದರ ಕೊರತೆ ಕಾಡಲಿಲ್ಲ. ಸೆನ್ಸರ್ ಚಿಕ್ಕದಾದ ಈ ಕ್ಯಾಮೆರಾದಲ್ಲಿ ಇದು 80 ಎಂಎಂ ಲೆನ್ಸ್‌ನಷ್ಟು ಹತ್ತಿರ ತೋರಿಸುತ್ತೆ, ಆದರೆ ಜೂಮ್ ಇಲ್ಲ. ರಂಗಸ್ಥಳದ ಮುಂದೆಯೇ ಜಾಗ ಹಿಡೀಬೇಕು, ಹಿಂದಿನಿಂದ ಆಗಲ್ಲ.

ಹಳೇ ಲೆನ್ಸ್ ಕೊಳ್ಳುವವರು ಮೊಬೈಲ್ ಟಾರ್ಚ್ ಹಿಡಿದು ಒಳಗೆ ಫಂಗಸ್ ಇದೆಯಾ ನೋಡಿ. ಕರಾವಳಿಯ ತೇವಕ್ಕೆ ಅದು ಬೇಗ ಬರುತ್ತೆ. ನಾನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡ್ತೀನಿ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.