ಸಹಾಯ ಬೇಕು: 12 ದಿನದ ಚಾರಣಕ್ಕೆ ರೇಷನ್, ಟೆಂಟ್ ಜಾಗದ ಲೆಕ್ಕ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಬ್ಬಳೇ 220 ಕಿ.ಮೀ. ಚಾರಣ ಹೊರಟಿದ್ದೇನೆ. ದಾರಿಯಲ್ಲಿ ಸಾಮಾನು ಸಿಗೋದು ಎರಡೇ ಕಡೆ, 70ನೇ ಕಿ.ಮೀ.ಗೆ ಒಂದು, 165ಕ್ಕೆ ಇನ್ನೊಂದು. ನಡುವಿನ 95 ಕಿ.ಮೀ.ದೇ ಚಿಂತೆ. ದಿನಕ್ಕೆ 19 ಕಿ.ಮೀ. ನಡೆದರೂ ಐದು ದಿನ ಬೇಕು. ದಿನಕ್ಕೆ 700 ಗ್ರಾಂ ಒಣ ಆಹಾರ ಅಂದರೆ ಮೂರೂವರೆ ಕೆಜಿ, ಎರಡು ಲೀಟರ್ ನೀರು ಸೇರಿದರೆ ಐದೂವರೆ. ಹೋದ ಸಲ ಇಷ್ಟೇ ಭಾರಕ್ಕೆ ಬ್ಯಾಗಿನ ಪಟ್ಟಿ ಉಜ್ಜಿ ಹೆಗಲು ಸುಲಿದಿತ್ತು. ಆದರೂ ಒಂದು ದಿನದ ಹೆಚ್ಚುವರಿ ಊಟ ಬಿಟ್ಟು ಹೋಗಲು ಧೈರ್ಯವಿಲ್ಲ.

ಮೊದಲೇ ಪಾರ್ಸೆಲ್ ಕಳಿಸಿಡಲಾ, ಅಲ್ಲೇ ಕೊಳ್ಳಲಾ?

ಇನ್ನೊಂದು ವಿಷಯ. ಹಳ್ಳದ ಪಕ್ಕದ ತಗ್ಗಿನಲ್ಲಿ ಮಲಗಿದರೆ ಬೆಳಗ್ಗೆ ಟೆಂಟಿನೊಳಗೆಲ್ಲ ಹನಿ ತೊಟ್ಟಿಕ್ಕುತ್ತೆ, ಸ್ಲೀಪಿಂಗ್ ಬ್ಯಾಗ್ ಒದ್ದೆ. ಸಂಜೆ ನೀರಿನ ಹತ್ತಿರ ಅಡುಗೆ ಮುಗಿಸಿ, ಬಾಟಲಿ ತುಂಬಿಕೊಂಡು, ಇನ್ನೊಂದು ಗಂಟೆ ನಡೆದು ಎತ್ತರದ ಒಣ ಜಾಗದಲ್ಲಿ ಟೆಂಟ್ ಹಾಕುವುದು ಒಬ್ಬರೇ ಇದ್ದಾಗ ಸರಿಯಾ? ಹಾಗೆ ಮಾಡಿದವರು ದಯವಿಟ್ಟು ತಿಳಿಸಿ.