ಮಳೆಗಾಲದಲ್ಲಿ ಕೈ ಕನ್ಸೋಲ್: ಸೇವ್ ಹೋಗುತ್ತೆ, ಬಟನ್ ಹಿಡಿಯಲ್ಲ

ತುಂಗಾತೀರ: ತೀರ್ಥಹಳ್ಳೀಲಿ ಮಳೆ ಹಿಡಿದಾಗಿಂದ 3.5 ಇಂಚು ಪರದೆಯ, ಹಳೆ ವಿಡಿಯೊ ಗೇಮ್ ಆಡೋ ಕೈ ಕನ್ಸೋಲ್‌ನ ಎ ಬಟನ್ ಎರಡು ಸಲ ಒತ್ತಿದ್ರೆ ಒಂದು ಸಲ ಹಿಡಿಯುತ್ತೆ. ಗೇಮ್‌ಬಾಯ್ ಅಡ್ವಾನ್ಸ್ (ನಿಂಟೆಂಡೊದ ಹಳೆ ಕೈ ಕನ್ಸೋಲ್) ಆಟಗಳ ಸೇವ್‌ಗಳೂ, ಅಂದ್ರೆ ಎಲ್ಲಿವರೆಗೆ ಆಡಿದ್ದೆ ಅನ್ನೋ ಫೈಲ್‌ಗಳೂ, ಮಾಯ. ಕನ್ಸೋಲ್ ಜೊತೆಗೆ ಬಂದ ಮೆಮೊರಿ ಕಾರ್ಡೇ ಇದೆ. ಸಿ-ಟು-ಸಿ (ಎರಡೂ ತುದಿ ಯುಎಸ್‌ಬಿ-ಸಿ) ಕೇಬಲ್‌ನಲ್ಲಿ ಚಾರ್ಜೂ ಆಗ್ತಿಲ್ಲ.

ಅಡಿಕೆಗರಿ: ಮೊದಲು ಕಾರ್ಡ್ ಬದಲಿಸಿ. ಡಬ್ಬಿ ಜೊತೆ ಬರೋ ಹೆಸರಿಲ್ಲದ ಕಾರ್ಡ್ ನಂಬಬೇಡಿ. ಇವತ್ತೇ ಸೇವ್ ಫೋಲ್ಡರ್ ಕಂಪ್ಯೂಟರಿಗೆ ಕಾಪಿ ಮಾಡ್ಕೊಳ್ಳಿ. ಒಳ್ಳೆ ಕಂಪನಿಯ 64 ಜಿಬಿ ಕಾರ್ಡನ್ನ ಕಂಪ್ಯೂಟರಲ್ಲಿ ರೂಫಸ್ ಅನ್ನೋ ಸಾಫ್ಟ್‌ವೇರ್‌ನಿಂದ ಎಫ್‌ಎಟಿ32 (ಕಾರ್ಡಲ್ಲಿ ಫೈಲ್ ಜೋಡಿಸೋ ಒಂದು ವಿಧಾನ) ಗೆ ಫಾರ್ಮ್ಯಾಟ್ ಮಾಡಿ. ಇನ್ನೊಂದು ಮುಖ್ಯ ವಿಷಯ: ಆಟದೊಳಗೆ ಸೇವ್ ಕೊಟ್ಟ ಕೂಡಲೇ ಅದು ಕಾರ್ಡಿಗೆ ಇಳಿಯಲ್ಲ. ಈ ಕನ್ಸೋಲ್‌ಗಳಲ್ಲಿ ಹಳೆ ಆಟ ನಡೆಸೋ ಸಾಫ್ಟ್‌ವೇರ್ ರೆಟ್ರೋಆರ್ಚ್ ಸಾಮಾನ್ಯವಾಗಿ ಆಟ ಮುಚ್ಚಿದಾಗಲೇ ಆ ಫೈಲ್ ಬರೆಯೋದು. ಮಧ್ಯೆ ಬ್ಯಾಟರಿ ಸತ್ತರೆ ಎಲ್ಲಾ ಹೋಯ್ತು.

ತುಂಗಾತೀರ: ತಾನಾಗೇ ಬರೆಯೋ ಹಾಗೆ ಮಾಡಬಹುದಾ?

ಅಡಿಕೆಗರಿ: ಹೌದು, ರೆಟ್ರೋಆರ್ಚ್‌ನ ಸೆಟ್ಟಿಂಗ್ಸ್, ಅದರೊಳಗೆ ಸೇವಿಂಗ್, ಅಲ್ಲಿ ಸೇವ್‌ರ‍್ಯಾಮ್ ಆಟೋಸೇವ್ ಇಂಟರ್ವಲ್ 10 ಸೆಕೆಂಡ್ ಇಡಿ.

ಕೊಡಚಾದ್ರಿ64: ಬಟನ್ ಕೆಳಗಿನ ರಬ್ಬರ್‌ನಲ್ಲಿ ಕಪ್ಪು ಇಂಗಾಲದ ಬೊಟ್ಟು ಇರುತ್ತೆ. ತೇವ, ಬೆವರಿನ ಜಿಡ್ಡು ಕೂತರೆ ಬೋರ್ಡಿಗೆ ಸರಿಯಾಗಿ ತಾಗಲ್ಲ. ಬ್ಯಾಟರಿ ಬಿಚ್ಚಿ, ಹತ್ತಿ ಕಡ್ಡಿಗೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಬೋರ್ಡಿನ ಜಾಗ ಒರೆಸಿ. ಕಪ್ಪು ಬೊಟ್ಟನ್ನ ಮಾತ್ರ ಉಜ್ಜಬೇಡಿ, ಸವೆದುಹೋಗುತ್ತೆ. 15 ನಿಮಿಷ ಒಣಗಿಸಿ ಮುಚ್ಚಿ. ಆಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬೀಲಿಡಿ.

ಚಾರ್ಜಿಗೆ ಎ-ಟು-ಸಿ ಕೇಬಲ್ (ಒಂದು ತುದಿ ಹಳೆ ಅಗಲದ ಯುಎಸ್‌ಬಿ-ಎ), 5 ವೋಲ್ಟ್ ಅಡಾಪ್ಟರ್ ಸಾಕು. ಎಷ್ಟೋ ಅಗ್ಗದ ಕನ್ಸೋಲ್‌ಗಳ ಪೋರ್ಟ್‌ನಲ್ಲಿ, ಸಾಧನ ಜೋಡಿಸಿದೆ ಅಂತ ಚಾರ್ಜರಿಗೆ ತಿಳಿಸೋ 5.1 ಕಿಲೋ ಓಮ್ ರೆಸಿಸ್ಟರ್ ಹಾಕಿರಲ್ಲ, ಹಾಗಾಗಿ ಸಿ-ಟು-ಸಿ ಚಾರ್ಜರ್ ಕರೆಂಟೇ ಬಿಡಲ್ಲ.