ಹಾರ್ಮೋನಿಯಂ ಯಾರ ಮನೆಯಲ್ಲಿದೆ?

ನವೆಂಬರ್ 4ರ ಬೆಳಗ್ಗೆ ಆರೂಕಾಲಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಊರಿಂದ ಚಿಕ್ಕಪ್ಪ ಒಂದು ಚಿತ್ರ ಹಾಕಿದರು. ಹಳೇ ಕಪ್ಪುಬಿಳುಪು ಫೋಟೋ, ಮೇಲೆ ಎರಡು ಗುಲಾಬಿ, ಕೆಳಗೆ ಹಳದಿ ಅಕ್ಷರ:

“ರಾಜನ್–ನಾಗೇಂದ್ರ. ಅವಳಿ ಸಹೋದರರು. 2000ದಲ್ಲಿ ತಮ್ಮ ತೀರಿಕೊಂಡ ಮೇಲೆ ಅಣ್ಣ ರಾಜನ್ ಸಾಯುವವರೆಗೂ ಹಾರ್ಮೋನಿಯಂ ಮುಟ್ಟಲಿಲ್ಲ. ಇದು ಅಣ್ಣತಮ್ಮಂದಿರ ಪ್ರೀತಿ! ಇಂದಿನವರು ಒಂದಡಿ ಜಾಗಕ್ಕೆ ಕೋರ್ಟು ಹತ್ತುತ್ತಾರೆ. ನಿಜ ಅನಿಸಿದರೆ ಹತ್ತು ಜನಕ್ಕೆ ಕಳಿಸಿ.”

ಏಳು ಗಂಟೆಯ ಹೊತ್ತಿಗೆ ಹನ್ನೊಂದು ಕೈಮುಗಿಯುವ ಗುರುತು, ನಾಲ್ಕು ಅಳುಮುಖ ಬಂದವು. ಅತ್ತೆ “ಎಂಥಾ ಪುಣ್ಯವಂತರು” ಅಂತ ಬರೆದರು. ಪೂರ್ತಿ ಓದಿದವರು ನಮ್ಮಣ್ಣ ಒಬ್ಬನೇ ಇರಬೇಕು. ಅವನು ಕೆಮಿಸ್ಟ್ರಿ ಲೆಕ್ಚರರ್. ಗುಂಪಿನಲ್ಲಿ ಯಾರೇನು ಹಾಕಿದರೂ ಅವನದು ಒಂದೇ ಪ್ರಶ್ನೆ.

“ಇದು ಎಲ್ಲಿ ಬಂದಿದೆ ಚಿಕ್ಕಪ್ಪ? ಅವರು ಅವಳಿಗಳಲ್ಲ. ರಾಜನ್ ಹುಟ್ಟಿದ್ದು 1933ರಲ್ಲಿ, ನಾಗೇಂದ್ರ 1935ರಲ್ಲಿ. ಮೊದಲ ಸಾಲೇ ತಪ್ಪಿದ್ದರೆ ಎರಡನೇ ಸಾಲನ್ನ ಹೇಗೆ ನಂಬೋದು?”

ಚಿಕ್ಕಪ್ಪ: “ಎರಡು ವರ್ಷ ಹಿಂದೆಮುಂದೆ ಆದ್ರೆ ಪ್ರೀತಿ ಸುಳ್ಳಾಗುತ್ತಾ? ಭಾವ ನೋಡಪ್ಪ, ಲೆಕ್ಕ ನೋಡಬೇಡ.”

ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ಅದೇ ಹೊತ್ತಿಗೆ ಮೈಸೂರಿನಿಂದ ದೊಡ್ಡಪ್ಪ ಬಂದರು. ಎಪ್ಪತ್ತೆಂಟು ವರ್ಷ, ನಿವೃತ್ತ ಹೆಡ್‌ಮಾಸ್ಟರು, ಪೂರ್ಣವಿರಾಮ ಬಿಡದೆ ಟೈಪ್ ಮಾಡುವವರು. “ಬಹಳ ಒಳ್ಳೆಯ ಸಂದೇಶ. ಇಂದಿನ ಪೀಳಿಗೆ ಇದರಿಂದ ಕಲಿಯಬೇಕಾದ್ದು ಬಹಳವಿದೆ. ತಾಳಿದವನು ಬಾಳಿಯಾನು. ಅಣ್ಣನಾದವನು ತಂದೆಗೆ ಸಮಾನ.”

ಚಿಕ್ಕಪ್ಪ ಬರೆದರು: “ಹೌದು. ಕಲಿಯಬೇಕು. ಎಲ್ಲರೂ.”

ಆ “ಎಲ್ಲರೂ” ಯಾರಿಗೆ ಅಂತ ಗುಂಪಿನ ಮೂವತ್ತನಾಲ್ಕು ಜನಕ್ಕೂ ಗೊತ್ತು. ಹೊರಗಿನವರಿಗೆ ಸ್ವಲ್ಪ ಹೇಳಬೇಕು. ನಮ್ಮ ತಾತ ಹಾರ್ಮೋನಿಯಂ ಮೇಷ್ಟ್ರು. ಮಂಡ್ಯ, ಕೆ.ಆರ್. ನಗರದ ಸುತ್ತಿನ ಊರುಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸುತ್ತಿದ್ದರು. ನಾಟಕದ ರಾತ್ರಿಗೆ ಕಾಲು ಹಾರ್ಮೋನಿಯಂ ಬಾಡಿಗೆಗೆ ಬರುತ್ತಿತ್ತು. ಮನೆಯಲ್ಲಿದ್ದದ್ದು ಕೈಯದು, ತಾತನ ಸ್ವಂತದ್ದು. ಹನ್ನೊಂದು ವರ್ಷದ ಹಿಂದೆ ತಾತನ ತಿಥಿ ಮುಗಿದ ಸಂಜೆ ಅದು ದೊಡ್ಡಪ್ಪನ ಕಾರಿನ ಡಿಕ್ಕಿಯಲ್ಲಿ, ಗೋಣಿಚೀಲ ಹೊದ್ದು, ಮೈಸೂರಿಗೆ ಹೋಯಿತು. ಚಿಕ್ಕಪ್ಪ ಆಗ ಎಲೆ ಎತ್ತುತ್ತಿದ್ದರು. ಆಮೇಲೆ ಜಮೀನು ಭಾಗ ಆಯಿತು, ಹಿತ್ತಿಲು ಭಾಗ ಆಯಿತು, ಅದಕ್ಕೆಲ್ಲ ಪಂಚಾಯಿತಿ ನಡೆದು ಕಾಗದವೂ ಆಯಿತು. ಹಾರ್ಮೋನಿಯಂ ವಿಷಯ ಯಾವ ಕಾಗದದಲ್ಲೂ ಇಲ್ಲ. ಹುಟ್ಟಿದಾಗಿನಿಂದ ಅಣ್ಣನನ್ನು “ನೀನು” ಎಂದೇ ಕರೆದ ಚಿಕ್ಕಪ್ಪ ಅವತ್ತಿನಿಂದ “ನೀವು” ಅನ್ನುತ್ತಾರೆ. ನಮ್ಮ ಕಡೆ ಅದು ಮರ್ಯಾದೆಗೆ ಅಲ್ಲ.

ಅತ್ತೆ ಬೆಂಕಿಗೆ ತುಪ್ಪ ಹುಯ್ದರು: “ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತ ಅಮ್ಮ ಹೇಳ್ತಿದ್ಲು.”

ದೊಡ್ಡಪ್ಪ: “ಈ ಮಾತು ಇಲ್ಲಿ ಯಾಕೆ ಬಂತು”

ಆಗ ಅತ್ತೆಯ ಮಗ ಗುಂಡಣ್ಣ ದುಬೈನಿಂದ ಎದ್ದ. ಇವನು ಜಗಳ ಬಿಡಿಸಬೇಕೆಂದು ಬರುವವನಲ್ಲ, ಹಾಡು ಕಂಡರೆ ಬರುವವನು. “ಅಯ್ಯೋ ರಾಜನ್–ನಾಗೇಂದ್ರ ಅಂದ್ರೆ ನಂಗೆ ಗಣಪತಿ ಪೆಂಡಾಲೇ ನೆನಪಾಗೋದು! ಚಿಕ್ಕಮಾವ ರಸಮಂಜರೀಲಿ ‘ತೇರಾ ಏರಿ ಅಂಬರದಾಗೆ’ ಹಾಡ್ತಿದ್ರು, ಜನರೇಟರ್ ಹೊಗೆ, ಕಡ್ಲೇಪುರಿ... ಚಿಕ್ಕಮಾವ, ಒಂದು ಸಲ ಕರೆಂಟ್ ಹೋಗಿ ಜನರೇಟರೂ ಕೈಕೊಟ್ಟಿತ್ತಲ್ಲ?”

ಚಿಕ್ಕಪ್ಪ ಉತ್ತರಿಸಲಿಲ್ಲ. ಅತ್ತೆ ಉತ್ತರಿಸಿದರು, ಬೇರೆ ವಿಷಯಕ್ಕೆ: “ರಾಜ್‌ಕುಮಾರ್ ಹಾಡಿದ ‘ನಾವಾಡುವ ನುಡಿಯೇ’ನೂ ಇವರದೇ ಅಲ್ವಾ, ಗಂಧದ ಗುಡಿ.”

“ಅದು ಪಿ.ಬಿ. ಶ್ರೀನಿವಾಸ್ ಹಾಡಿದ್ದು ಅತ್ತೆ,” ಅಂದ ನಮ್ಮಣ್ಣ. “ಚಿತ್ರ 1973ರದ್ದು. ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡೋ ಕಾಲ ಬಂದದ್ದು 1974ರ ಸಂಪತ್ತಿಗೆ ಸವಾಲ್ ಆದ್ಮೇಲೆ, ಅದೂ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ.”

“ನಾನು ಟೆಂಟಿನಲ್ಲಿ ಕೂತು ನೋಡಿದೀನಿ. ನೀನು ಹುಟ್ಟಿರಲಿಲ್ಲ.”

“ನೋಡಿದ್ದು ರಾಜ್‌ಕುಮಾರ್‌ನ, ಕೇಳಿದ್ದು ಪಿ.ಬಿ.ಎಸ್.ನ.”

ಅತ್ತೆಗೆ ಸಿಟ್ಟು ಬಂತು. ಅತ್ತೆಯ ಮೊಮ್ಮಗಳ ನಾಮಕರಣಕ್ಕೆ ನಮ್ಮಣ್ಣ ಬಾರದೇ ಇದ್ದದ್ದು, “ದೊಡ್ಡ ಓದಿದವರು” ಅನ್ನುವ ಮಾತು, ಎಲ್ಲ ಬಂದವು. ಹತ್ತು ಗಂಟೆಗೆ ಎಂಬತ್ತು ಮೆಸೇಜು. ಅಷ್ಟರಲ್ಲಿ ರಾಜನ್ ಹಾರ್ಮೋನಿಯಂ ಮುಟ್ಟಿದರೋ ಇಲ್ಲವೋ ಅನ್ನುವುದು ಎಲ್ಲರಿಗೂ ಮರೆತೇಹೋಗಿತ್ತು.

ನನಗೆ ಮರೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ರೇಡಿಯೋದಲ್ಲಿ “ಸಾಹಿತ್ಯ ಚಿ. ಉದಯಶಂಕರ್, ಸಂಗೀತ ರಾಜನ್–ನಾಗೇಂದ್ರ” ಅಂತ ಕೇಳಿ ಅದು ಒಬ್ಬರದೇ ಹೆಸರು ಅಂದುಕೊಂಡಿದ್ದೆ. ತಾತನೇ ತಿದ್ದಿದ್ದು. ನೀರೊಲೆಗೆ ತೆಂಗಿನ ಮಟ್ಟೆ ತುರುಕುತ್ತಾ, “ಇಬ್ಬರು ಕಣವ್ವ, ಮೈಸೂರಿನವರು, ಅವರಪ್ಪಾನೂ ನಮ್ಮ ಕಸುಬಿನವರೇ” ಅಂದಿದ್ದರು. ಅವರಪ್ಪ ರಾಜಪ್ಪ. ಮಾತಿಲ್ಲದ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ಕೂತು ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ಕುದುರೆ ಓಡಿದರೆ ಬೆರಳೂ ಓಡಬೇಕು, ನಾಯಕಿ ಅತ್ತರೆ ತಿದಿ ನಿಧಾನವಾಗಬೇಕು. ಆ ಮನೆಯ ಮಕ್ಕಳಲ್ಲಿ ರಾಜನ್ ಪಿಟೀಲು ಹಿಡಿದರು, ನಾಗೇಂದ್ರ ಜಲತರಂಗ. 1952ರಲ್ಲಿ ಬಿ. ವಿಠಲಾಚಾರ್ಯರ ಸೌಭಾಗ್ಯಲಕ್ಷ್ಮಿಗೆ ಇಬ್ಬರೂ ಸಂಗೀತ ಕೊಟ್ಟಾಗ ಅಣ್ಣನಿಗೆ ಹತ್ತೊಂಬತ್ತರ ವಯಸ್ಸು, ತಮ್ಮನಿಗೆ ಹದಿನೇಳು. ಅಲ್ಲಿಂದ ಕನ್ನಡ, ತೆಲುಗು ಎಲ್ಲ ಸೇರಿ ಮುನ್ನೂರಕ್ಕೂ ಹೆಚ್ಚು ಚಿತ್ರ, ಎರಡು ಹೆಸರಿನ ನಡುವೆ ಒಂದು ಸಣ್ಣ ಗೀಟು. ನಾಗೇಂದ್ರ 2000ದ ನವೆಂಬರ್ 4ರಂದು ಹೋದರು. ಫಾರ್ವರ್ಡಿನಲ್ಲಿ ಇಸವಿ ಸರಿಯಿತ್ತು. ತಾರೀಖು ಇರಲೇ ಇಲ್ಲ, ಆದರೆ ಬಂದದ್ದು ಸರಿಯಾದ ದಿನವೇ.

ಅದರ ಮುಂದಿನ ಮಾತು ಸುಳ್ಳು. ರಾಜನ್ ತೀರಿಕೊಂಡದ್ದು 2020ರ ಅಕ್ಟೋಬರ್ 11ರಂದು, ಎಸ್.ಪಿ.ಬಿ. ಹೋದ ಹದಿನಾರು ದಿನಕ್ಕೆ. ಎಂಬತ್ತೇಳು ವರ್ಷವಾಗಿತ್ತು. ಕೊನೆಯವರೆಗೂ ಆರೋಗ್ಯವಾಗಿದ್ದರು, ಆನ್‌ಲೈನಿನಲ್ಲಿ ಸಂಗೀತ ಪಾಠ ಹೇಳಿಕೊಡುತ್ತಿದ್ದರು ಅಂತ ಅವರ ಮಗ ಪತ್ರಿಕೆಯವರಿಗೆ ಹೇಳಿದ್ದು ನಾನು ಅವತ್ತೇ ಓದಿದ್ದೆ. ಕೊರೊನಾದ ವರ್ಷ ಅದು. ನಾವೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಮೂಕಿ ಚಿತ್ರಕ್ಕೆ ನುಡಿಸಿದವರ ಮಗ, ಪುಟ್ಟ ಪರದೆಯೊಂದರ ಮುಂದೆ ಕೂತು ಸ್ವರ ಹೇಳಿಕೊಡುತ್ತಿದ್ದರು.

ಇದನ್ನೇ ಗುಂಪಿನಲ್ಲಿ ಬರೆದೆ. “ಅವರು ಬಿಟ್ಟಿರಲಿಲ್ಲ. ತಮ್ಮ ಹೋದ ಮೇಲೂ ಇಪ್ಪತ್ತು ವರ್ಷ ಸಂಗೀತದಲ್ಲೇ ಇದ್ದರು. ಮುಟ್ಟದೆ ಇರುವುದು ಸುಲಭ ಚಿಕ್ಕಪ್ಪ. ಜೊತೆಗಿದ್ದವನಿಲ್ಲದೆ ಅದೇ ಸ್ವರದ ಮುಂದೆ ದಿನಾ ಕೂರುವುದು ಕಷ್ಟ. ನನಗೆ ಅದೇ ದೊಡ್ಡ ಪ್ರೀತಿ ಅನಿಸುತ್ತೆ.” ಈಗಲೂ ಹಾಗೇ ಅನಿಸುತ್ತದೆ. ದುಃಖ ಅಂದರೆ ವಾದ್ಯ ಮುಚ್ಚಿಡುವುದು ಎಂದು ನಮಗೆ ಹೇಳಿಕೊಟ್ಟವರು ಯಾರೋ ಗೊತ್ತಿಲ್ಲ. ಕಲಾವಿದರ ಬಗ್ಗೆ ಬರುವ ಫಾರ್ವರ್ಡುಗಳಲ್ಲೆಲ್ಲ ಅವರು ಏನನ್ನೋ ಬಿಟ್ಟಿರಬೇಕು. ಮಾಡುತ್ತಲೇ ಇದ್ದರು ಅಂದರೆ ಯಾರೂ ಹತ್ತು ಜನಕ್ಕೆ ಕಳಿಸುವುದಿಲ್ಲ.

ನನ್ನ ಮೆಸೇಜಿಗೆ ಒಂದು ಹೆಬ್ಬೆರಳು ಬಂತು, ಗುಂಡಣ್ಣನದು. ಅದರ ಕೆಳಗೆ ನಮ್ಮಣ್ಣ “ಲಿಂಕ್ ಹಾಕು” ಅಂದ. ಹಾಕಿದೆ. ಯಾರೂ ತೆರೆಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಚಿಕ್ಕಪ್ಪ ನನ್ನ ಮಾತಿನಲ್ಲಿ ಒಂದೇ ಪದ ಹಿಡಿದಿದ್ದರು.

“ಮುಟ್ಟದೆ ಇರೋದು ಸುಲಭವೇ? ನಾನು ಹನ್ನೊಂದು ವರ್ಷದಿಂದ ಮುಟ್ಟಿಲ್ಲ. ಮುಟ್ಟೋಕೆ ಮನೇಲಿ ಇದ್ರೆ ತಾನೆ.”

ಗುಂಪು ಸ್ತಬ್ಧವಾಯಿತು. ಸಾಮಾನ್ಯವಾಗಿ ಏನೂ ಬರೆಯದ ನಮ್ಮಪ್ಪ, ಮಧ್ಯದವರು, ಒಂದು ಚುಕ್ಕೆ ಹಾಕಿ ಅಳಿಸಿದರು.

ಕಾಲು ಗಂಟೆಯ ಮೇಲೆ ದೊಡ್ಡಪ್ಪ: “ಅದನ್ನು ನಾನು ರಿಪೇರಿಗೆ ತಂದದ್ದು. ತಿದಿಯನ್ನು ಇಲಿ ಕಡಿದಿತ್ತು. ಮೈಸೂರಿನಲ್ಲಿ ಮಾಡಿಸಿ ಹಬ್ಬಕ್ಕೆ ತಂದು ಕೊಡುವವನಿದ್ದೆ”

“ಹನ್ನೊಂದು ವರ್ಷ ರಿಪೇರಿನಾ? ಹೇಳಿ ತಗೊಂಡು ಹೋಗಬಹುದಿತ್ತಲ್ಲ ನೀವು.”

“ಆ ಹಬ್ಬಕ್ಕೆ ಮೊದಲೇ ನೀನು ಊರೆಲ್ಲ ನನ್ನನ್ನ ಕಳ್ಳ ಅಂದೆ”

“ನಾನು ಅಂದಿಲ್ಲ. ಅಕ್ಕ ಅಂದದ್ದು.”

ಅತ್ತೆ: “ನನ್ನ ಯಾಕಪ್ಪ ಎಳೀತೀರ!”

ಇಲ್ಲಿ ನಾನು ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋದೆ. ಹುಳಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಗುಂಡಣ್ಣ ಒಂದು ಉದ್ದದ ಮೆಸೇಜು ಹಾಕಿದ್ದ. ಯಾವಾಗಲೂ ಮಾತು ತಪ್ಪಿಸುವವನು ಅಂತ ಅವನನ್ನು ಬೈಯುತ್ತೇವೆ. ಆದರೆ ಅವತ್ತು ಅವನು ಕೈಬಿಡದೆ ಹಿಡಿದ ನೆನಪನ್ನು ಇಲ್ಲಿ ಇದ್ದ ಹಾಗೇ ಇಡುತ್ತೇನೆ.

“ಕರೆಂಟ್ ಹೋದ ಕಥೆ ನೀವ್ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ನಾನು ಆಗ ಐದನೇ ಕ್ಲಾಸು. ಕೀಬೋರ್ಡ್ ನಿಂತುಹೋಯ್ತು, ಮೈಕ್ ಇಲ್ಲ, ಜನ ಎದ್ದೇಳೋಕೆ ಶುರು ಮಾಡಿದ್ರು. ದೊಡ್ಡಮಾವ ಮೈಸೂರಿಂದ ಹಬ್ಬಕ್ಕೆ ಬಂದಿದ್ರು. ಓಡಿಹೋಗಿ ಮನೆಯಿಂದ ತಾತನ ಪೆಟ್ಟಿಗೆ ಹೊತ್ಕೊಂಡು ಬಂದು ಸ್ಟೇಜ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ರು. ಚಿಕ್ಕಮಾವ ಅವರ ಹೆಗಲ ಮೇಲೆ ಕೈ ಇಟ್ಕೊಂಡು ನಿಂತು ಹಾಡಿದ್ರು. ಪೆಟ್ರೋಮ್ಯಾಕ್ಸ್ ಬಂದಿದ್ದು ಮೂರನೇ ಹಾಡಿಗೆ. ಅಲ್ಲೀತನಕ ಕತ್ತಲೇಲಿ ಯಾವ ಕಡೆಯಿಂದ ಸಂಗೀತ ಯಾವ ಕಡೆಯಿಂದ ಗಂಟಲು ಗೊತ್ತಾಗ್ತಿರಲಿಲ್ಲ. ತಾತ ಹಿಂದೆ ಬೆಂಚಿನ ಮೇಲೆ ಕೂತಿದ್ರು, ನಾನು ಪಕ್ಕ. ‘ತಿದಿ ಜೋರಾಯ್ತು, ತಿದಿ ಜೋರಾಯ್ತು’ ಅಂತ ಗೊಣಗ್ತಾ ಇದ್ರು. ಆದ್ರೆ ಕಣ್ಣು ಒರೆಸ್ಕೊಂತಿದ್ರು.”

ಅದಕ್ಕೆ ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಅತ್ತೆ ಮಾತ್ರ “ಅದೂ ಎಸ್.ಪಿ.ಬಿ. ಹಾಡು ತಾನೆ?” ಅಂದರು. ನಮ್ಮಣ್ಣ “ಹೌದು ಅತ್ತೆ, ಈ ಸಲ ಸರಿ” ಅಂದ. “ಬರೆದದ್ದು ದೊಡ್ಡರಂಗೇಗೌಡರು, ಪರಸಂಗದ ಗೆಂಡೆತಿಮ್ಮ.” ಅವರಿಬ್ಬರ ರಾಜಿ ಅಲ್ಲಿಗೆ ಆಯಿತು ಅಂತ ಕಾಣುತ್ತದೆ. ನಾಮಕರಣದ ಮಾತು ಮತ್ತೆ ಬರಲಿಲ್ಲ.

ಸಂಜೆ ಆರರ ಹೊತ್ತಿಗೆ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಯಾವ ಬರಹವೂ ಇಲ್ಲ. ಮಂಚದ ಮೇಲೆ ಮಡಿಸಿದ ಪಂಚೆ, ಅದರ ಮೇಲೆ ಹಾರ್ಮೋನಿಯಂ. ತಿದಿಗೆ ಹೊಸ ಚರ್ಮ ಹಾಕಿಸಿದ್ದರು, ಮಡಿಕೆಗಳಲ್ಲಿ ಇನ್ನೂ ಕೆಂಪು ಮಾಸಿಲ್ಲ. ಮರ ಮಾತ್ರ ಅದೇ. ತಾತ ನಶ್ಯದ ಡಬ್ಬಿ ಇಡುತ್ತಿದ್ದ ಮೂಲೆಯಲ್ಲಿ ಆ ದುಂಡನೆ ಕಲೆ ಫೋಟೋದಲ್ಲೂ ಕಾಣುತ್ತಿತ್ತು. ಪಕ್ಕದಲ್ಲಿ ಕನ್ನಡಕ, ಬಿಚ್ಚಿಟ್ಟ ವಾಚು.

ನಾನು ಅದನ್ನು ದೊಡ್ಡದು ಮಾಡಿ ನೋಡಿದೆ. ಕೀಲಿಗಳ ಮೇಲೆ ಧೂಳಿರಲಿಲ್ಲ.

“ಚಿಕ್ಕಪ್ಪ ಟೈಪ್ ಮಾಡುತ್ತಿದ್ದಾರೆ” ಅಂತ ಮೇಲೆ ಬರುವುದು, ಹೋಗುವುದು. ಹಾಗೆ ನಾಲ್ಕೈದು ಸಲ.

ಚಿಕ್ಕಪ್ಪ: “ಕರಿ ಎರಡು ಒತ್ತಿದ್ರೆ ಈಗಲೂ ಮೇಲೆ ಏಳಲ್ವಾ?”

ದೊಡ್ಡಪ್ಪ: “ಏಳಲ್ಲ ಉಗುರಲ್ಲಿ ಎತ್ತಬೇಕು”

ಚಿಕ್ಕಪ್ಪ: “ನುಡಿಸ್ತಿದ್ದೀಯ ಹಾಗಾದ್ರೆ.”